ಕೆಂಪನಿಗಾಗಿ ಊರೆಲ್ಲ ಅತ್ತಿತು

ಧರಣಿ ಆ ಹಾಡನ್ನು ಕಟ್ಟಿದ್ದು ಪಕ್ಕದ ಮನೆಯ ಚಲುವಮ್ಮನವರನ್ನು ರೇಗಿಸುವುದಕ್ಕೆ. ಅವರ ಹುಂಜ ಕೆಂಪ ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಕೂಗಿ, ಮಧ್ಯಾಹ್ನದ ಹೊತ್ತಿಗೆ ಕಾಣೆಯಾಗಿತ್ತು. ಭಾನುವಾರ ಕಾಣೆಯಾದ ಹುಂಜದ ಗತಿ ಏನಾಗಿರಬಹುದೆಂದು ಆ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಚಲುವಮ್ಮ ಮನೆಮನೆಯ ಬಾಗಿಲಲ್ಲಿ ನಿಂತು, ಮೊದಲು ಒಗ್ಗರಣೆಯ ವಾಸನೆ ನೋಡಿ, ಆಮೇಲೆ ಕ್ಷೇಮ ಸಮಾಚಾರ ವಿಚಾರಿಸುತ್ತ ಸಂಜೆಯವರೆಗೂ ತಿರುಗಿದರು. ಅದನ್ನು ನೋಡಿ ನಕ್ಕೂ ನಕ್ಕೂ ಸುಸ್ತಾದ ಧರಣಿ ಅವತ್ತೇ ನಾಲ್ಕು ಸಾಲು ಕಟ್ಟಿದಳು.

ಹೇಳದೆ ಕೇಳದೆ ಎಲ್ಲಿಗೆ ಹೋದೆ,
ನೀ ಕೂಗದೆ ಬೆಳಗೇ ಆಗ್ತಿಲ್ಲ,
ಚೆಲ್ಲಿದ ರಾಗಿ ಅಂಗಳದಲ್ಲೇ,
ಯಾರ ಮನೆ ಸಾರಲ್ಲಿ ಮುಳುಗಿ ಹೋದೆ?

ಬೀದಿಯ ಒಂದು ನಾಮಕರಣದಲ್ಲಿ ಅದನ್ನು ತಮಟೆಯ ಏಟಿಗೆ ಹಾಡಿದಾಗ ಕುಣಿಯದೆ ಉಳಿದದ್ದು ತೊಟ್ಟಿಲಲ್ಲಿದ್ದ ಮಗು ಮಾತ್ರ. ಚಲುವಮ್ಮನೂ ಬೈದುಕೊಂಡೇ ಕುಣಿದರು. ಧರಣಿಯ ಅಣ್ಣ ಅಶೋಕ ಕೀಬೋರ್ಡ್ ನುಡಿಸುವವನು. ಅಣ್ಣ ತಂಗಿ ಸೇರಿ ಒಂದು ಸಣ್ಣ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಮದುವೆ, ಗಣೇಶನ ಪೆಂಡಾಲು, ಹುಟ್ಟುಹಬ್ಬ, ಎಲ್ಲಿ ಕರೆದರೆ ಅಲ್ಲಿಗೆ. ಈ ಸಲದ ಮದುವೆ ಸೀಸನ್ನಿಗೆ ಕೆಂಪನನ್ನೇ ಇಳಿಸುವುದೆಂದು ಇಬ್ಬರೂ ತೀರ್ಮಾನಿಸಿದರು.

ಅಷ್ಟರಲ್ಲಿ ಉತ್ತರದ ಕಡೆ ಯಾತ್ರಿಕರ ರೈಲೊಂದು ಸೇತುವೆಯಿಂದ ನದಿಗೆ ಬಿತ್ತು. ದೇಶದ ಮೂಲೆಮೂಲೆಯವರು ಅದರಲ್ಲಿದ್ದರು. ಇವರ ಊರು ಮೈಸೂರಿನವರೂ ಇದ್ದರು. ಟಿವಿಯಲ್ಲಿ ನೀರಿನಿಂದ ಮೇಲೆತ್ತಿದ ಬ್ಯಾಗುಗಳನ್ನು ತೋರಿಸಿದಾಗ ಧರಣಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಆಮೇಲೆ ಹಾಡುಗಳ ಚಹರೆಯೇ ಬದಲಾಯಿತು. ಕುಣಿತದ ರೀಲ್ಸ್ ಹಾಕಿದವರು ಬೈಗುಳ ತಿಂದು ಅಳಿಸಿಹಾಕಿದರು. ಬೀದಿ ನಡುಗುವಂತೆ ಡೋಲು ಬಡಿಸಿಕೊಂಡು ಬರುತ್ತಿದ್ದ ಆಟೋದಲ್ಲಿ ಈಗ ಕೊಳಲು ಕೇಳಿಸುತ್ತಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಇವರು ಪ್ರಾಕ್ಟೀಸ್ ಮಾಡುವ ಕೋಣೆಯ ಕೆಳಗೊಂದು ಜಿಮ್ ಇತ್ತು. ಅಲ್ಲಿ ಹುಡುಗರು ಪಿಟೀಲಿನ ಗೋಳಿಗೆ ತೂಕ ಎತ್ತುತ್ತಿದ್ದರು. ಮದುವೆ ಮಾಡಿಸುವವರಿಗಂತೂ ಏನು ಬೇಕೆಂದು ಅವರಿಗೇ ಗೊತ್ತಿರಲಿಲ್ಲ.

“ಆರತಕ್ಷತೇಲಿ ಸ್ವಲ್ಪ ದುಃಖದ ಹಾಡೇ ಇರಲಿ ಕಣಮ್ಮ,” ಎಂದರು ವರನ ತಂದೆಯೊಬ್ಬರು. “ಹಂಗಂತ ತೀರಾ ದುಃಖ ಬೇಡ. ಹೆಣ್ಣಿನ ಕಡೆಯೋರು ತಪ್ಪು ತಿಳ್ಕೊಂಡ್ಬುಡ್ತಾರೆ.”

ಅಶೋಕ ಕೀಬೋರ್ಡಿನ ಮುಂದೆ ಕುಳಿತು ತಲೆ ಕೆರೆದುಕೊಂಡ. “ದೇಶದ ತಾಳವೇ ಇಳಿದೋಗದೆ ಕಣೆ. ನಿಮಿಷಕ್ಕೆ ನೂರಾ ನಲವತ್ತು ಏಟಿಗೆ ಕುಣೀತಿದ್ದೋರು ಅರವತ್ತಕ್ಕೆ ಬಂದವ್ರೆ.”

“ಪೆಟ್ರೋಲ್ ರೇಟ್ ಹೇಳ್ದಂಗೆ ಹೇಳ್ತೀಯಲ್ಲಣ್ಣ! ಇಳಿದಿದ್ರೆ ನಿನ್ ಕೆಂಪನ್ನೂ ಇಳಿಸು.”

ತಮಾಷೆಗೆಂದೇ ಅವನು ಕೆಂಪನ ಹಾಡಿನ ವೇಗವನ್ನು ಅರ್ಧಕ್ಕೂ ಕೆಳಗೆ ಇಳಿಸಿ, ತಮಟೆ ತೆಗೆದು, ಒಂದೇ ಒಂದು ಶ್ರುತಿ ಎಳೆಯತೊಡಗಿದ. ಧರಣಿ ಮುಖವನ್ನು ಉದ್ದ ಮಾಡಿಕೊಂಡು, ಕಣ್ಣು ಮುಚ್ಚಿ, ಟಿವಿಯಲ್ಲಿ ಹಾಡುವವರ ಹಾಗೆ ಒಂದು ಕೈ ಎದೆಗಿಟ್ಟು ಶುರುಮಾಡಿದಳು. ಕೊನೆಯ ಸಾಲಿಗೆ ಬರುವಾಗ ತುಂಟತನಕ್ಕೆ, ‘ಯಾರ ಮನೆ ಸಾರಲ್ಲಿ’ ಅನ್ನುವ ಬದಲು ‘ಯಾವ ಊರ ನೀರಲ್ಲಿ’ ಅಂದುಬಿಟ್ಟಳು. ನಗು ತಡೆದುಕೊಂಡು ಕಣ್ಣು ತೆರೆದರೆ, ಡ್ರಮ್ಸ್ ನುಡಿಸುವ ಸಂಜಯ್ ಟೀ ಲೋಟ ಹಿಡಿದು ಹಾಗೇ ನಿಂತಿದ್ದಾನೆ. ಕಣ್ಣು ತುಂಬಿದೆ.

“ಇದು ಕೋಳಿ ಹಾಡು ಕಣೋ,” ಅಂದಳು ಧರಣಿ.

“ಗೊತ್ತು ಕಣಕ್ಕ,” ಅಂದ ಸಂಜಯ್, ಮೂಗೊರೆಸಿಕೊಳ್ಳುತ್ತ. “ಆದ್ರೂ ಏನೋ ಆಗ್ಬುಡ್ತು.”

ಅಶೋಕ ಅದನ್ನು ಹಾಗೆಯೇ ಇನ್ನೊಮ್ಮೆ ಹಾಡಿಸಿ, ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಬಿಟ್ಟ. ಮರುದಿನ ಏಳುವ ಹೊತ್ತಿಗೆ ಅದು ಊರು ದಾಟಿ, ರಾಜ್ಯ ದಾಟಿ ಹೋಗಿತ್ತು. ಕನ್ನಡ ಬಾರದವರೂ ಆ ಹಾಡು ಹಾಕಿಕೊಂಡು ಮೇಣದಬತ್ತಿ ಹಚ್ಚುತ್ತಿದ್ದರು. ಧರಣಿಗೆ ಒಳಗೊಳಗೇ ಕಚಗುಳಿ. ಬಸ್ಸಿನಲ್ಲಿ ಪಕ್ಕದವರು ಅದನ್ನು ಕೇಳುತ್ತ ನಿಟ್ಟುಸಿರು ಬಿಟ್ಟರೆ ಇವಳು ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ಆದರೆ ಹಾಡಿನ ಕೆಳಗೆ ಜನ ತಮ್ಮ ತಮ್ಮ ಮನೆಯವರ ಫೋಟೋ ಹಾಕತೊಡಗಿದಾಗ ಅವಳ ನಗು ನಿಂತಿತು.

“ತೆಗೆದುಬುಡಣ್ಣ. ಪಾಪ ಸುತ್ಕೋತದೆ.”

“ಈಗ ತೆಗೆದ್ರೆ ಯಾಕೆ ತೆಗೆದ್ರಿ ಅಂತಾರೆ. ಏನಂತ ಹೇಳ್ತೀಯ, ಹುಂಜದ ವಾರಸುದಾರರು ಕೇಸ್ ಹಾಕ್ತಾರೆ ಅಂತಲಾ?”

ಅವಳು ಯೋಚಿಸುತ್ತಿರುವಾಗಲೇ ಕೃಷ್ಣಮೂರ್ತಿಪುರಂನಿಂದ ಕುಮಾರಸ್ವಾಮಿಯವರ ಫೋನ್ ಬಂತು. ಅವರು ಅಲ್ಲಿನ ಒಂದು ಸಾಂಸ್ಕೃತಿಕ ಸಂಘದ ಅಧ್ಯಕ್ಷರು. ರೈಲಿನಲ್ಲಿ ಹೋದವರಿಗೆ ಶ್ರದ್ಧಾಂಜಲಿ ಸಭೆ ಇದೆ, ಊರಿನವರ ಮನೆಯವರೆಲ್ಲ ಬರುತ್ತಾರೆ, ನೀವು ಹಾಡಲೇಬೇಕು ಎಂದರು. ಇಲ್ಲವೆನ್ನಲು ಧರಣಿಗೆ ಬಾಯಿ ಬರಲಿಲ್ಲ. ಒಂದೇ ಸಮಾಧಾನವೆಂದರೆ ಹಾಡಿನ ಹುಟ್ಟನ್ನು ಎಲ್ಲರೆದುರೂ ಹೇಳಿಬಿಡಬಲ್ಲ ಚಲುವಮ್ಮ ಮಗಳ ಮನೆಗೆಂದು ನಂಜನಗೂಡಿಗೆ ಹೋಗಿ ಕೂತಿದ್ದರು.

ಸಭೆಯ ದಿನ ಹಾಲ್ ತುಂಬಿತ್ತು. ಕುಮಾರಸ್ವಾಮಿಯವರು ಹಾಡಿನ ಅರ್ಥ ಬಿಡಿಸಲು ನಿಂತರು. “ಕೂಗು ಅಂದರೆ ಇಲ್ಲಿ ಪ್ರಣವನಾದ. ಚೆಲ್ಲಿದ ರಾಗಿ ಅಂದರೆ ನಮ್ಮ ಚದುರಿದ ಬದುಕು. ಕವಯಿತ್ರಿ ರಾಗಿಯನ್ನೇ ಯಾಕೆ ಆರಿಸಿಕೊಂಡರು? ಯೋಚಿಸಿ.” ಹುಂಜ ಅಕ್ಕಿಗಿಂತ ರಾಗಿಯನ್ನೇ ಹೆಚ್ಚು ತಿನ್ನುತ್ತಿತ್ತು, ಅದಕ್ಕೆ. ಧರಣಿ ನೆಲ ನೋಡುತ್ತ ಕುಳಿತಳು. ಅಶೋಕನ ಭುಜ ಅಲುಗುತ್ತಿತ್ತು. ಇವಳು ಕಾಲಿನಿಂದ ಅವನ ಕಾಲು ತುಳಿದಳು.

ಮೈಕಿನ ಮುಂದೆ ನಿಂತಾಗ ಅವಳಿಗೆ ಕಂಡದ್ದು ಮುಂದಿನ ಸಾಲಿನ ಮಂಗಳಮ್ಮ. ತಂಗಿ ಸೋಮಮ್ಮನನ್ನು ಆ ರೈಲಿನಲ್ಲಿ ಕಳೆದುಕೊಂಡವರು. ಕಣ್ಣೀರು ಮುಗಿದುಹೋದ ಮುಖ. ಧರಣಿ ಅವತ್ತು ನಾಟಕ ಮಾಡಲಿಲ್ಲ, ನಿಜವಾಗಿಯೇ ಹಾಡಿದಳು. ಮೂರನೆಯ ಸಾಲು ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಂದು ಗಟ್ಟಿ ದನಿ ಬಂತು.

“ಅಯ್ಯೋ, ಇದು ನಮ್ ಕೆಂಪನ ಹಾಡಲ್ವಾ!”

ಚಲುವಮ್ಮ! ಬೆಳಿಗ್ಗೆ ಊರಿಂದ ಬಂದವರಿಗೆ, ನಿಮ್ಮ ಧರಣಿ ಕೃಷ್ಣಮೂರ್ತಿಪುರಂನಲ್ಲಿ ದೊಡ್ಡ ಸಭೆಯಲ್ಲಿ ಹಾಡುತ್ತಾಳಂತೆ ಎಂದು ಯಾರೋ ಹೇಳಿದ್ದಾರೆ. ಹೊಸ ಸೀರೆ ಉಟ್ಟು ಬಂದುಬಿಟ್ಟಿದ್ದಾರೆ.

ಹಾಲ್ ಪೂರ್ತಿ ಹಿಂದಕ್ಕೆ ತಿರುಗಿತು. ಅಧ್ಯಕ್ಷರು ಎದ್ದು ಕೈ ಜೋಡಿಸಿದರು. “ತಾಯಿ, ಕೆಂಪ ಅಂದ್ರೆ ನಿಮ್ಮ ಮಗನಾ? ಅವರೂ ರೈಲಿನಲ್ಲಿ…”

“ಮಗ ಅಲ್ಲ ಸ್ವಾಮಿ, ಹುಂಜ! ಯಾವನೋ ಕದ್ದು ಸಾರು ಮಾಡ್ಕೊಂಡ. ಅದುಕ್ಕೆ ಇವ್ಳು ಹಾಡು ಕಟ್ಟವಳೆ. ಅದ್ಸರಿ, ಇಷ್ಟ್ ನಿಧಾನಕ್ಕೆ ಯಾಕ್ ಹಾಡ್ತಾವಳೆ? ಹುಷಾರಿಲ್ವಾ?”

ಆಗ ಮಂಗಳಮ್ಮ ಮುಖ ಮುಚ್ಚಿಕೊಂಡು ಮುಂದಕ್ಕೆ ಬಾಗಿದರು, ಮೈ ಅಲುಗತೊಡಗಿತು. ಪಕ್ಕದ ಹೆಂಗಸು ಅವರ ಬೆನ್ನು ಸವರಿದಳು. ಧರಣಿ ವೇದಿಕೆ ಇಳಿದು ಓಡಿಹೋಗಿ ಅವರ ಮುಂದೆ ಕುಕ್ಕರಿಸಿದಳು.

“ಅಮ್ಮ, ತಪ್ಪಾಯ್ತಮ್ಮ. ನಿಮ್ಮನ್ನ ಆಡ್ಕೊಳಕ್ಕಲ್ಲ…”

ಮಂಗಳಮ್ಮ ಕೈ ತೆಗೆದರು. ಅವರು ನಗುತ್ತಿದ್ದರು. ಉಸಿರು ಸಿಕ್ಕದ ಹಾಗೆ, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತಿದ್ದರು.

“ಹುಂಜ!” ಅಂದರು. “ಒಂದು ವಾರದಿಂದ ನಾನು ಹುಂಜಕ್ಕೆ ಅಳ್ತಾ ಇದೀನಾ? ನಮ್ಮ ಸೋಮಿ ಇದ್ದಿದ್ರೆ ನನ್ನ ಪ್ರಾಣ ತೆಗೆದುಬಿಡೋಳು ಕಣೇ. ವರ್ಷಗಟ್ಟಲೆ ಹೇಳಿಕೊಂಡು ನಗೋಳು. ಸಾವಿನ ಮನೇಲೂ ನಗಿಸೋಳು ಅವಳು, ಅದಕ್ಕೇ ಅವಳನ್ನ ಯಾರೂ ಸಾವಿನ ಮನೆಗೆ ಕರೆದುಕೊಂಡೇ ಹೋಗ್ತಿರಲಿಲ್ಲ.” ಅವರು ಕಣ್ಣೊರೆಸಿಕೊಂಡರು. “ಅದು ಹೆಂಗಿತ್ತೋ ಹಂಗೇ ಹಾಡು.”

“ಇಲ್ಲೇನಾ?”

“ಇಲ್ಲೇ.”

ಧರಣಿ ಅಧ್ಯಕ್ಷರ ಕಡೆ ನೋಡಿದಳು. ಅವರು ಫ್ಯಾನ್ ನೋಡುತ್ತಿದ್ದರು. ಅಶೋಕ ಕಾಯಲಿಲ್ಲ, ವೇಗ ಏರಿಸಿಯೇಬಿಟ್ಟ. ಸಂಜಯ್ ಕುರ್ಚಿಯ ಬೆನ್ನನ್ನೇ ತಮಟೆ ಮಾಡಿಕೊಂಡ. ‘ಯಾರ ಮನೆ ಸಾರಲ್ಲಿ’ ಬಂದಾಗ ಹಿಂದಿನಿಂದ ಚಲುವಮ್ಮ, “ಹೆಸ್ರು ಹೇಳ್ಲಾ?” ಅಂದರು. ಹಾಲ್ ಗೊಳ್ಳೆಂದಿತು. ಕೆಲವರು ಸಿಟ್ಟಿನಿಂದ ಎದ್ದು ಹೋದರು. ಉಳಿದವರು ಅಳುತ್ತಲೂ ನಗುತ್ತಲೂ ಚಪ್ಪಾಳೆ ತಟ್ಟಿದರು. ಮಂಗಳಮ್ಮ ಕುಣಿಯಲಿಲ್ಲ, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು.

ಅದನ್ನೂ ಯಾರೋ ಫೋನಿನಲ್ಲಿ ಹಿಡಿದಿದ್ದರು. ಧರಣಿಗೆ ಹೊಟ್ಟೆ ತುಂಬ ಬೈಗುಳ ಸಿಕ್ಕಿತು. ದೇಶದ ದುಃಖವನ್ನು ಕೋಳಿಗೆ ಹೋಲಿಸಿದಳೆಂದು ಒಬ್ಬ, ಕೋಳಿಯ ದುಃಖವನ್ನು ಕಡೆಗಣಿಸಿದಳೆಂದು ಇನ್ನೊಬ್ಬ. ಮಂಗಳಮ್ಮ ತಾವೇ ಒಂದು ವಿಡಿಯೋ ಮಾಡಿ, “ಅಳೋದು ನಗೋದು ನಮ್ಮಿಷ್ಟ, ನಿಮ್ಮದೇನು ಕಣ್ರೀ?” ಎಂದು ಕೇಳಿದ ಮೇಲೆ ಬೈಯುವವರು ಸುಮ್ಮನಾದರು. ಮಳೆಗಾಲ ಹಿಡಿಯುವ ಹೊತ್ತಿಗೆ ಎಲ್ಲ ಆರ್ಕೆಸ್ಟ್ರಾದವರೂ ನಿಧಾನಕ್ಕೆ ಶುರುಮಾಡಿ, ಜನರನ್ನು ಅಳಿಸಿ, ಆಮೇಲೆ ತಮಟೆ ಬಾರಿಸುವುದನ್ನು ಕಲಿತಿದ್ದರು. ಗಣೇಶನ ಪೆಂಡಾಲುಗಳಲ್ಲಿ ಅದೇ ಫ್ಯಾಷನ್.

ಒಂದು ಮಧ್ಯಾಹ್ನ ಬೆಂಗಳೂರಿನ ಆಡಿಯೋ ಕಂಪನಿಯೊಂದರಿಂದ ಫೋನ್ ಬಂತು. ಮಾತಾಡಿದವನು ಬಹಳ ವಿನಯವಂತ.

“ಮೇಡಂ, ಹೋದ ಸಲ ನಾವು ಲೇಟಾಗಿಬಿಟ್ವಿ. ಮುಂದಿನ ದುರಂತಕ್ಕೆ ಅಂತ ಒಂದು ಟ್ರ್ಯಾಕ್ ಈಗಲೇ ರೆಡಿ ಮಾಡಿ ಇಟ್ಟಿರ್ತೀರಾ?”

ಧರಣಿಯೂ ಅಷ್ಟೇ ವಿನಯದಿಂದ ಉತ್ತರಿಸಿದಳು.

“ಆಗ್ಲಿ ಸಾರ್, ಮಾಡಣ. ಯಾವ ಥರದ ದುರಂತ, ಯಾವ ತಾರೀಕಿಗೆ ಅಂತ ನೀವೇ ಬರೆದು, ಸಹಿ ಹಾಕಿ ಕಳಿಸಿ. ನಾನು ಪೊಲೀಸ್ ಸ್ಟೇಷನ್ನಿಗೂ ಒಂದು ಕಾಪಿ ಕೊಟ್ಟಿರ್ತೀನಿ.”

ಆ ಕಡೆ ಲೈನ್ ಕಟ್ಟಾಯಿತು. ಧರಣಿ ಫೋನ್ ಬದಿಗಿಟ್ಟು ಎದ್ದಳು. ಸಂಜೆ ಲಕ್ಷ್ಮೀಪುರಂನಲ್ಲಿ ಒಂದು ಆರತಕ್ಷತೆ ಇತ್ತು, ಅಶೋಕ ಕೆಳಗೆ ಆಟೋ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದ.