ಹತ್ತು ಗಂಟೆಯ ಕರೆ

ತೀರಿಕೊಂಡ ಗಂಡನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. ಪಕ್ಕದ ಮನೆಯ ರೇಡಿಯೊದಲ್ಲಿ ವಾರ್ತೆ. ಮುಂದಿನ ತಿಂಗಳು ಮತ್ತೆ ಶಾಂತಿ ಮಾತುಕತೆಯಂತೆ, ಅವತ್ತು ಎಪ್ಪತ್ತು ದಾಟಿದವರಿಗೆ ಗಡಿಯ ಗೇಟು ತೆರೆದರೂ ತೆರೆಯಬಹುದಂತೆ. ಸಾವಿನ ಮನೆಯ ನೆನಪಾಗಿ ಯಾರೋ ಅದನ್ನು ಆರಿಸಿದರು.

"ಕೇಳಿದ್ಯಾ? ಈ ಸಲ ನಾನು ಹೋಗೇ ಹೋಗ್ತೀನಿ. ನಾಳೆನೇ ಆಚೆ ಹೋಗೋರ ಪಟ್ಟಿಗೆ ಹೆಸರು ಕೊಡ್ತೀನಿ" ಎಂದಳು ನಾದಿನಿಗೆ.

ಮಾತುಕತೆಗೆ ಕೂತವರು ಉಂಡು ಎದ್ದು ಹೋಗಿದ್ದೇ ಹೆಚ್ಚು ಎಂದು ನಾದಿನಿ ಗೊಣಗಿದಳು. ಬಾಗಿಲ ಬಳಿ ಬೆಂಚು ಸರಿಸುತ್ತಿದ್ದ, ಗಂಡನ ಹಳೆಯ ಸಹೋದ್ಯೋಗಿಯ ಮುಖ ಮಾತ್ರ ಸಪ್ಪಗಾಯಿತು.

*

ಸತ್ತವನು ಗಡಿ ಠಾಣೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ. ಒಂದು ಗುಡ್ಡಸಾಲಿಗಾಗಿ ಎರಡೂ ಕಡೆಯವರು ವರ್ಷಗಟ್ಟಲೆ ಗುಂಡು ಹಾರಿಸಿಕೊಂಡರೂ ನಡುವಿನ ಒಂದು ತಂತಿಯನ್ನು ಕಡಿದಿರಲಿಲ್ಲ, ಎಂದಾದರೂ ಮಾತಾಡಬೇಕಾದೀತು ಎಂದು. ದಿನಾ ಬೆಳಗ್ಗೆ ಹತ್ತಕ್ಕೆ ಈತ "ತಂತಿ ಸರಿಯಿದೆಯೇ?" ಎನ್ನಬೇಕು, ಆಚೆಯವನು "ಸರಿಯಿದೆ" ಎನ್ನಬೇಕು. ಅದರ ಮೇಲೆ ಒಂದು ಮಾತಾಡಿದರೂ ಕೆಲಸಕ್ಕೆ ಸಂಚಕಾರ. ಬೀದಿಯವರು ಅವನನ್ನು ಹಲೋ ಮಾಮ ಎನ್ನುತ್ತಿದ್ದರು. ಶತ್ರುವಿನ ಹತ್ತಿರ ದಿನಾ ಮಾತಾಡುವವನಿಗೆ ಹೆಂಡತಿಯ ಮುಂದೆ ಬಾಯಿಲ್ಲ ಎಂದು ನಗುತ್ತಿದ್ದರು.

ಆಕೆಯ ತಂಗಿ ಆಚೆ ಕಡೆಗೆ ಮದುವೆಯಾಗಿ ಹೋದವಳು. ಮರುವರ್ಷವೇ ಗೇಟು ಮುಚ್ಚಿತು. ಹದಿನೆಂಟು ವರ್ಷದ ಹಿಂದೆ ಒಂದು ದಿನ, ಊಟಕ್ಕೆ ಬಡಿಸುತ್ತಾ ಆಕೆ ಅಂಗಲಾಚಿದ್ದಳು.

"ದಮ್ಮಯ್ಯ, ಆಚೆಯವನನ್ನ ಒಂದೇ ಒಂದು ಮಾತು ಕೇಳಿ. ಬದುಕಿದ್ದಾಳಾ ಅಂತ."

"ಆಗಲ್ಲ. ಮಾತುಕತೆ ಆಗ್ಲಿ, ನೀನೇ ಹೋಗಿ ನೋಡುವಿಯಂತೆ."

"ನಿಮ್ಮಂಥ ಹೇಡಿ ಇನ್ನೊಬ್ಬರಿಲ್ಲ" ಎಂದವಳು ಮತ್ತೆ ಆ ಮಾತು ಎತ್ತಲಿಲ್ಲ. ಬೇರೆ ಮಾತೂ ಅಷ್ಟಕ್ಕಷ್ಟೇ ಆಯಿತು. ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಮಾತುಕತೆಯ ಸುದ್ದಿ ಬಂದಾಗಲೆಲ್ಲ ಆತ ಅಟ್ಟದ ಮೇಲಿನ ಅವಳ ಪ್ರಯಾಣದ ಪೆಟ್ಟಿಗೆ ಇಳಿಸಿಕೊಡುತ್ತಿದ್ದ. ಮಾತುಕತೆ ಮುರಿದುಬಿದ್ದಾಗ ಮತ್ತೆ ಏರಿಸುತ್ತಿದ್ದ.

*

ಸ್ಮಶಾನದ ಬೇಲಿಯ ಬಳಿ ಸಹೋದ್ಯೋಗಿ ಆಕೆಯನ್ನು ಪಕ್ಕಕ್ಕೆ ಕರೆದ.

"ಅತ್ತಿಗೆ, ಪಟ್ಟಿಗೆ ಹೆಸರು ಕೊಡಬೇಡಿ. ಅಣ್ಣ ಆಚೆಯವನನ್ನ ಕೇಳಿದ್ರು. ನೀವು ಹೇಡಿ ಅಂದ್ರಲ್ಲ, ಅದರ ಮಾರನೇ ದಿನವೇ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ."

ಆಚೆಯವನು ಹತ್ತೊಂಬತ್ತು ದಿನ ಬರೀ "ಸರಿಯಿದೆ" ಎಂದನಂತೆ, ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲವಂತೆ. ಇಪ್ಪತ್ತನೆಯ ದಿನ "ಸರಿಯಿದೆ" ಎಂದಮೇಲೆ ಇನ್ನೂ ಒಂದು ಮಾತು ಹೇಳಿದನಂತೆ. ತಂಗಿ ಜ್ವರ ಬಂದು ತೀರಿಕೊಂಡು ಆಗಲೇ ನಾಲ್ಕು ವರ್ಷ. ಮರುದಿನ ತಂತಿಯ ಆ ತುದಿಯಲ್ಲಿ ಬೇರೆಯವನ ದನಿ. ತನ್ನಿಂದಾಗಿ ಒಬ್ಬನ ಅನ್ನ ಹೋಯಿತಲ್ಲ ಎಂದು ಈತ ಕೊನೆಯವರೆಗೂ ಕೊರಗಿದನಂತೆ.

"ಮನೇಲಿ ಹೇಳಿಬಿಡಿ ಅಂದೆ. ಅವಳು ಮಾತುಕತೆ ಅಂತ ಕಾಯ್ತಾ ಜೀವ ಹಿಡಿದಿದ್ದಾಳೆ, ಅದನ್ನೂ ಕಿತ್ಕೊಳ್ಳಲಾ, ನಾನು ಹೇಡಿಯಾಗೇ ಇರ್ತೀನಿ ಬಿಡು ಅಂದ್ರು."

ಆಕೆಗೆ ಅಳು ಬರಲಿಲ್ಲ. ಹದಿನೆಂಟು ವರ್ಷದ ಊಟಗಳು ಕಣ್ಣ ಮುಂದೆ ಬಂದವು. ಎದುರು ಕೂತು ಒಂದು ದಿನವಾದರೂ ಇನ್ನೊಂದು ತುತ್ತು ಹಾಕಲೇ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಎಲ್ಲರೂ ಮಣ್ಣು ಹಾಕಿದರು. ಆಕೆಯೂ ಒಂದು ಹಿಡಿ ಹಾಕಿದಳು. ಗುಂಡಿ ತೋಡಿದವನು ಸಲಿಕೆ ಎತ್ತಿದಾಗ ತಾಳು ಎಂದು ಕೈ ಅಡ್ಡ ಹಿಡಿದಳು. ಮಂಡಿಯೂರಿ ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡಳು. ಗುಂಡಿಗೆ ಹಾಕುತ್ತಾಳೆಂದು ಜನ ದಾರಿ ಬಿಟ್ಟರು. ಆಕೆ ಅದನ್ನು ತಂಗಿಯ ಪಾಲಿನದೆಂದು ಪಕ್ಕದ ಖಾಲಿ ನೆಲದ ಮೇಲೆ ಸುರಿದು, ಅಂಗೈಯಿಂದ ಮೆಲ್ಲಗೆ ತಟ್ಟಿ ಸಮ ಮಾಡತೊಡಗಿದಳು.