ಖಿದ್ರಾಪುರದ ಬಾವಿ

ಪನ್ಹಾಳಗಡ ಹೇಗಿದೆ ಎಂದು ಯಾರಾದರೂ ಕೇಳಿದರೆ ಅಲ್ಲಿಯ ಬಾವಿಗೆ ಎಷ್ಟುದ್ದದ ಹಗ್ಗ ಬೇಕು ಎಂದು ನಾನು ಹೇಳಬಲ್ಲೆ. ಜ್ಯೋತಿಬಾ ಗುಡ್ಡದಲ್ಲಿ ಗಾಳಿ ಬಹಳ, ಸ್ಟೋವಿಗೆ ಮರೆ ಹಿಡಿದು ಕೂತರೂ ಅನ್ನ ಕುದಿಯುವುದಿಲ್ಲ. ರಾಧಾನಗರಿಯ ಕಾಡಿನಲ್ಲಿ ಕಾಡುಕೋಣಗಳಿವೆಯಂತೆ. ನಮ್ಮ ಮನೆಯವರು ಒಂದು ಹಿಂಡನ್ನೇ ನೋಡಿ ಬಂದರು. ಅವರು ನೋಡುವಾಗ ನಾನು ಬದನೆಕಾಯಿ ಹೆಚ್ಚುತ್ತಿದ್ದೆ.

ನಮ್ಮ ಮನೆಯವರು ಎಂದರೆ ಕಾಗವಾಡದ ಭಾವುಸಾಹೇಬರು. ದ್ರಾಕ್ಷಿ ಕೈಹಿಡಿದ ವರ್ಷ, ಎಂಬತ್ತೇಳರಲ್ಲಿ, ಹಳೆಯ ಜೀಪೊಂದನ್ನು ಕೊಂಡರು. ಅಂದಿನಿಂದ ಅವರಿಗೆ ತಿರುಗುವ ಹುಚ್ಚು. ತೋಟದಲ್ಲಿ ಬಳ್ಳಿ ಸವರುವ ಛಾಟಣಿಯ ಗಡಿಬಿಡಿ ಇಲ್ಲದ ವಾರವೆಲ್ಲ ಶನಿವಾರ ಸಂಜೆ ಜೀಪು ತೊಳೆದು ನಿಲ್ಲಿಸಿ, ನಾಳೆ ಪರದೇಶಕ್ಕೆ ಹೋಗೋಣ ಎನ್ನುತ್ತಿದ್ದರು. ಪರದೇಶವೆಂದರೆ ಮಹಾರಾಷ್ಟ್ರ. ನಮ್ಮ ತೋಟದ ಬದುವಿನ ಮೇಲೆ ನಿಂತು ಕೂಗಿದರೆ ಅಲ್ಲಿ ಯಾರಾದರೂ ಓ ಎನ್ನುತ್ತಾರೆ. ಆದರೂ ಗಡಿ ಗಡಿಯೇ ಎಂದು ಅವರಿಗೆ ದೊಡ್ಡ ಖುಷಿ.

ನನಗೂ ಖುಷಿಯಾಗಬೇಕಿತ್ತು. ಆಗದೇ ಇದ್ದುದಕ್ಕೆ ಕಾರಣ ನಮ್ಮ ಅತ್ತೆ ಸೋನಾಬಾಯಿ. ಅವರದು ಕಟ್ಟುನಿಟ್ಟಿನ ಜೈನ ವ್ರತ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರೂ ಇಲ್ಲ. ಹೋಟೆಲಿನದು ಮುಟ್ಟುವುದಿಲ್ಲ, ಮನೆಯಲ್ಲಿ ಮಾಡಿ ಕಟ್ಟಿಕೊಂಡು ಬಂದದ್ದೂ ನಡೆಯುವುದಿಲ್ಲ. ಆ ಊರಿನ ಬಾವಿಯಿಂದ ನೀರು ಸೇದಿ, ಎರಡು ಪದರು ಅರಿವೆಯಲ್ಲಿ ಗಾಳಿಸಿ, ಅಲ್ಲೇ ಒಲೆ ಹೂಡಿ ಮಾಡಿದ ಅಡಿಗೆಯೇ ಆಗಬೇಕು. ಇಷ್ಟೆಲ್ಲ ಇದ್ದರೆ ಮನೆಯಲ್ಲಿರಬಹುದಿತ್ತಲ್ಲ? ಇಲ್ಲ, ಜೀಪು ಹೊರಡುವ ಮೊದಲೇ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ತಾಯಿಯನ್ನು ಬಿಟ್ಟು ತಿರುಗಿದರೆ ಜನ ಏನಂದಾರು ಎಂದು ಮಗನ ಹಟವೂ ಅದಕ್ಕೆ ಕೂಡಿತ್ತು. ಹೀಗಾಗಿ ಜೀಪಿನಲ್ಲಿ ನಮ್ಮ ಮನೆಯವರು, ಅವರ ಗೆಳೆಯ ಶಾಂತಿನಾಥ, ಅತ್ತೆ, ನಾನು, ಅರ್ಧ ಅಡಿಗೆಮನೆ.

ಗಂಡಸರು ಗಡ ನೋಡಲು ಹೋಗುತ್ತಿದ್ದರು. ಅತ್ತೆ ಗಿಡದ ಕೆಳಗೆ ಜಪಮಾಲೆ ಹಿಡಿದು ಕೂತು ನಾಯಿ, ಕಾಗೆ, ಪರಕೀಯರು ಯಾರೂ ಒಲೆಯ ಹತ್ತಿರ ಸುಳಿಯದಂತೆ ಕಾಯುತ್ತಿದ್ದರು. ನಾನು ಬೇಯಿಸುತ್ತಿದ್ದೆ. ಅವರು ಉಂಡು ಆಕಳಿಸಿ ಅಡ್ಡಾಗಿ ಏಳುವಷ್ಟರಲ್ಲಿ ಪಾತ್ರೆ ತಿಕ್ಕಿ ಮುಗಿಯುತ್ತಿತ್ತು. ಆಮೇಲೆ ಎಲ್ಲರಿಗೂ ಒಮ್ಮೆಲೇ ಅವಸರ. ಅತ್ತೆಯ ಸಂಜೆಯ ಊಟಕ್ಕೆ ಹೊತ್ತಿರುವಾಗಲೇ ಮನೆ ಮುಟ್ಟಬೇಕಲ್ಲ.

ಹೋಗಲಿ, ಗಡ ಕೋಟೆ ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಖಿದ್ರಾಪುರದ ಕೋಪೇಶ್ವರ ಗುಡಿಯ ಸ್ವರ್ಗಮಂಟಪ. ನನ್ನ ತವರು ಅಕ್ಕೋಳ. ನಮ್ಮಪ್ಪ ಹರೆಯದಲ್ಲಿ ಎತ್ತು ಕೊಳ್ಳಲು ಹೋದವನು ಆ ಮಂಟಪದಲ್ಲಿ ಒಂದು ಮಧ್ಯಾಹ್ನ ಮಲಗಿದ್ದನಂತೆ. ಸುತ್ತ ಕಂಬಗಳು, ನಡುವೆ ಗುಂಡಗಿನ ಹಾಸುಗಲ್ಲು, ಅದರ ಮೇಲೆ ಮಾಳಿಗೆಯೇ ಇಲ್ಲ, ಅಷ್ಟೇ ಗುಂಡಗಿನ ಆಕಾಶ. ಅಂಗಾತ ಮಲಗಿದರೆ ಆಕಾಶ ನಿನ್ನೊಬ್ಬಳದೇ ಆಗ್ತದ ನೋಡು ಎಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ. ಆ ಕಲ್ಲಿನ ಮೇಲೆ ನಿಂತು ಒಮ್ಮೆ ತಲೆ ಎತ್ತಿ ನೋಡಬೇಕು ಎಂಬುದು ನನ್ನ ಹುಚ್ಚು. ಮದುವೆಯಾಗಿ ಕಾಗವಾಡಕ್ಕೆ ಬಂದಾಗ, ಹೊಳೆ ದಾಟಿದರೆ ಖಿದ್ರಾಪುರ ಎಂದು ಕೇಳಿ ಒಳಗೊಳಗೇ ಹಿಗ್ಗಿದ್ದೆ.

ಒಂದು ವರ್ಷ ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಕಡೆಗೂ ಖಿದ್ರಾಪುರ ಎಂದರು. ಜುಗೂಳದ ತನಕ ಜೀಪು, ಅಲ್ಲಿಂದ ಕೃಷ್ಣೆಯನ್ನು ನಾವೆಯಲ್ಲಿ ದಾಟುವುದು. ಈ ಸಲ ಮೊದಲೇ ಹೇಳಿ ಇಟ್ಟಿದ್ದೆ, ಊಟವಾದ ಮೇಲೆ ನನಗೂ ಮಂಟಪ ನೋಡಬೇಕು ಎಂದು. ಅದಕ್ಕೇನು, ಅಗತ್ಯವಾಗಿ ನೋಡು ಎಂದಿದ್ದರು. ಅವರು ಯಾವುದಕ್ಕೂ ಇಲ್ಲ ಎನ್ನುವವರಲ್ಲ, ಅದೇ ದೊಡ್ಡ ಕಷ್ಟ.

ಮೊದಲು ಬಸದಿಗೆ ಹೋಗಿ ಆದಿನಾಥನ ದರ್ಶನ ಮಾಡಿದೆವು. ಬಸದಿಯ ಹಿಂದಿನ ಬಾವಿಯಿಂದ ನೀರು ಸೇದಿ ಗಾಳಿಸಿದೆ. ಗಾಳಿಸಿದ ಮೇಲೆ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವ ಉಳಿದಿರುತ್ತದೆ. ಅರಿವೆಯನ್ನು ಮಗುಚಿ ಶುದ್ಧ ನೀರಿನಿಂದ ತೊಳೆದು, ಆ ನೀರನ್ನು ತಳಕ್ಕೆ ಕೊಂಡಿ ಇರುವ ಚರಿಗೆಯಲ್ಲಿ ಮೆಲ್ಲಗೆ ಇಳಿಸಿ, ಅದೇ ಬಾವಿಯ ನೀರಿನ ಮಟ್ಟದಲ್ಲಿ ಬೋರಲು ಮಾಡಬೇಕು. ಇದಕ್ಕೆ ಜೀವಾಣಿ ಬಿಡುವುದು ಎನ್ನುತ್ತೇವೆ. ಮೇಲಿಂದ ಸುರಿದರೆ ಜೀವ ಸಾಯುತ್ತದೆ, ಬೇರೆ ನೀರಿಗೆ ಬಿಟ್ಟರೂ ಸಾಯುತ್ತದೆ. ಅವತ್ತೂ ಕ್ರಮ ತಪ್ಪದೆ ಬಿಟ್ಟೆ.

ಗಂಡಸರು ಗುಡಿಗೆ ಹೋದರು, ಬಂದರು, ಉಂಡರು. ನಾನು ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಎದ್ದೆ, ಈಗ ಹೋಗಿ ಬರುತ್ತೇನೆ ಎಂದೆ. ನಮ್ಮ ಮನೆಯವರು ಕೈಗಡಿಯಾರ ನೋಡಿದರು, ಮೋರೆ ಹುಳ್ಳಗೆ ಮಾಡಿದರು. ನಾವೆಯವನು ಕರೆಯುತ್ತಿದ್ದಾನೆ, ಈ ನಾವೆ ತಪ್ಪಿದರೆ ಆಯಿಗೆ ಇವತ್ತು ಉಪವಾಸವೇ, ಖಿದ್ರಾಪುರ ಎಲ್ಲಿ ಓಡಿಹೋಗುತ್ತದೆ, ಮುಂದಿನ ಸಲ ನಿನಗಾಗಿಯೇ ಬರೋಣ ಎಂದರು. ಶಾಂತಿನಾಥ ಆಗಲೇ ಸ್ಟೋವು ಎತ್ತಿಕೊಂಡು ಹೊಳೆಯ ಹಾದಿ ಹಿಡಿದಿದ್ದ. ಗುಡಿಯ ಗೋಡೆ ಅಲ್ಲೇ ಮನೆಗಳ ಆಚೆ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಆದರೆ ಅಳಲು ಕೈಯಲ್ಲಿ ಬುಟ್ಟಿ ಇತ್ತು.

ಹೊಳೆಯ ದಂಡೆಗೆ ಬಂದರೆ ನಾವೆಯವನು ಭರಮು ದಂಡೆಯ ಮೇಲೆ ಕೂತು ಆರಾಮಾಗಿ ಬೀಡಿ ಸೇದುತ್ತಿದ್ದ. ಊರೊಳಗಿನಿಂದ ಇನ್ನೂ ಜನ ಬರುವವರಿದ್ದಾರಂತೆ, ಅವರು ಬಂದ ಮೇಲೇ ನಾವೆ ಬಿಡುವುದಂತೆ. ಅಂದರೆ ಹೊತ್ತು ಇತ್ತು. ಅತ್ತೆಯನ್ನು ನಾವೆಯೊಳಗೆ ಕೂರಿಸಿದರು. ನನಗೆ ತಲೆ ಕೆಟ್ಟಿತು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ.

"ಜೀವಾಣಿ ಬಿಡೂದು ಮರ್ತ ಬಂದೇನ್ರಿ."

ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಒದ್ದೆ ಅರಿವೆ ಬುಟ್ಟಿಯಲ್ಲಿತ್ತು, ಅದನ್ನು ಚರಿಗೆಯಲ್ಲಿಟ್ಟು ಎತ್ತಿ ತೋರಿಸಿದೆ. ಒಬ್ಬಳೇ ಓಡಿಹೋಗಿ ಬಿಟ್ಟು ಬರುತ್ತೇನೆ ಎಂದು ಮನಸ್ಸಿನಲ್ಲಿ ಎಲ್ಲ ಲೆಕ್ಕ ಹಾಕಿದ್ದೆ. ಬಾವಿಯ ಕಡೆ ಹೋದಂತೆ ಮಾಡಿ ಗುಡಿಗೆ ನುಗ್ಗುವುದು, ಕಲ್ಲಿನ ಮೇಲೆ ನಿಲ್ಲುವುದು, ತಲೆ ಎತ್ತುವುದು, ತಿರುಗಿ ಬರುವುದು. ಜೀವಾಣಿಯ ಹೆಸರಿನಲ್ಲಿ ಸುಳ್ಳು ಹೇಳಿದವರಿಗೆ ಯಾವ ನರಕವೋ, ಬಂದಾಗ ನೋಡಿಕೊಂಡರಾಯಿತು.

ಭರಮು ನಕ್ಕ. ಇಷ್ಟು ದೊಡ್ಡ ಹೊಳೆ ಇದೆಯಲ್ಲ ಬಾಯಾರ, ಇಲ್ಲೇ ಜಾಲಿಸಿಬಿಡಿ ಎಂದ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗದರಿದರು.

"ಬಾವಿ ಜೀವ ಬಾವಿಗೇ ಹೋಗಬೇಕು. ಹೊಳಿ ನೀರಾಗ ಅವು ಬದುಕೂದಿಲ್ಲ."

ಹಾಗೆಂದವರೇ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನಾವೆಯಲ್ಲಿ ಎದ್ದು ನಿಂತರು. ಬಾವಿಯ ತನಕ ಕಾವಲಿಗೆ ಬರುತ್ತಾರೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಏನು ಮಾಡಲಿ ಎಂದು ತಿಳಿಯದೆ ಚರಿಗೆ ಹಿಡಿದು ನಿಂತೇ ಇದ್ದೆ. ಆಗ ನಮ್ಮ ಮನೆಯವರು ಬಂದು ಅದಕ್ಕೆ ಕೈ ಹಾಕಿದರು.

"ಮುಂಜಾನಿಂದ ದಣದೀಯ, ಕೂಡು. ನಾ ಹೋಗಿ ಬಿಟ್ಟ ಬರ್ತೇನಿ."

ಮದುವೆಯಾದಾಗಿನಿಂದ ನನ್ನ ದಣಿವು ಆ ಮನುಷ್ಯನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಬೇಡ, ನಾನೇ ಹೋಗುತ್ತೇನೆ ಎನ್ನಬೇಕಿತ್ತು. ಅನ್ನಲಿಲ್ಲ. ಚರಿಗೆ ಬಿಟ್ಟೆ. ಅವರು ಅದನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ದಂಡೆ ಹತ್ತಿ ಹೋದರು. ಅತ್ತೆ ತಿರುಗಿ ಕೂತರು.

ಬಹಳ ಹೊತ್ತು ಬರಲಿಲ್ಲ. ಊರೊಳಗಿನ ಜನರೂ ಬಂದು ಕೂತರು, ಭರಮು ಗೊಣಗತೊಡಗಿದ, ಶಾಂತಿನಾಥ ದಂಡೆ ಹತ್ತಿ ಕೂಗಿದ. ಕಡೆಗೆ ಬಂದರು, ಮೋರೆಯ ತುಂಬ ನಗು. ಬಿಟ್ಟು ಬರುವಾಗ ಗುಡಿಯ ಬಾಗಿಲು ತೆರೆದೇ ಇತ್ತಂತೆ, ಇನ್ನೊಮ್ಮೆ ಇಣುಕಿದರಂತೆ. ಮುಂಜಾನೆ ಕಂಡದ್ದು ಏನೂ ಅಲ್ಲವಂತೆ. ಈಗ ಬಿಸಿಲು ವಾರೆಯಾಗಿ ಆ ಗುಂಡಗಿನ ತೆರಪಿನಿಂದ ಇಳಿದು ಕಂಬದ ಮೇಲೆ ಬಿದ್ದಿತ್ತಂತೆ, ಗಿಳಿಗಳ ಹಿಂಡು ಸರ್ರನೆ ದಾಟಿ ಹೋಯಿತಂತೆ. ಯಾರೂ ಇರಲಿಲ್ಲವಾದ್ದರಿಂದ ಹಾಸುಗಲ್ಲಿನ ಮೇಲೆ ಅಂಗಾತ ಮಲಗಿಯೂ ಬಿಟ್ಟರಂತೆ. ನೀನು ನೋಡಬೇಕಿತ್ತು, ನೀನು ನೋಡಲೇಬೇಕಿತ್ತು ಎಂದು ಹೊಳೆ ದಾಟುವ ತನಕ ಹೇಳುತ್ತಲೇ ಇದ್ದರು. ಅವರನ್ನು ನೀರಿಗೆ ನೂಕಿಬಿಡಬೇಕು ಎನಿಸಿತು. ಅರಿವೆ ಸಮೇತ ಚರಿಗೆಯನ್ನು ಜೋಪಾನವಾಗಿ ನನ್ನ ತೊಡೆಯ ಮೇಲೆ ಇಟ್ಟರು.

ಜುಗೂಳದ ದಂಡೆಯಲ್ಲಿ ಗಂಡಸರು ಸಾಮಾನು ಹೊತ್ತು ಮುಂದೆ ಹೋದರು. ನಾನು ಅತ್ತೆಯ ಕೈಹಿಡಿದು ಕೆಸರಿನಿಂದ ಮೇಲೆ ಹತ್ತಿಸುತ್ತಿದ್ದೆ. ಸಿಟ್ಟಿನಲ್ಲಿ ತುಸು ಜೋರಾಗಿಯೇ ಎಳೆದೆನೇನೋ. ಅವರು ನಿಂತರು.

"ಜೀವಾಣಿ ನೀ ಆವಾಗ್ಲೇ ಬಿಟ್ಟಿದ್ದಿ. ನಾ ಗಿಡದ ಕೆಳಗ ಕುಂತು ನೋಡೇನಿ."

ಅವರು ಬೈಯಲಿಲ್ಲ. ಹೊಳೆಯ ಆಚೆ, ಗಿಡಗಳ ನಡುವೆ ಆ ಊರು ಇದ್ದ ಕಡೆ ನೋಡುತ್ತ ನಿಂತರು.

"ನಿನ್ನ ನೆವದಾಗ ನಾನೂ ಆ ಮಂಟಪ ನೋಡಿ ಬರೂಣು ಅಂತ ಎದ್ದ ನಿಂತಿದ್ನಿ," ಎಂದರು. "ಚರಿಗಿ ಅವನ ಕೈಯಾಗ ಯಾಕ ಕೊಟ್ಟಿ?"