ಉತ್ತರ ಕಳಿಸದ ಲೆಕ್ಕ

ಗಡಿಯೂರು ಮಕ್ತಲ್‌ನ ಕನ್ನಡ ಶಾಲೆಯ ಪದ್ಮಶ್ರೀ ಟೀಚರಿಗೆ ಒಂದು ಚಟ. ಪರೀಕ್ಷೆಗೆ ಬಾರದ ಲೆಕ್ಕಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಮಕ್ಕಳ ತಲೆಯಲ್ಲಿ ಹುಳ ಬಿಡುವುದು. “ಮೊದಲು ಪಾಠ ಮುಗಸ್ರೀ” ಎಂದು ಹೆಡ್‌ಮಾಸ್ಟರು ಗೊಣಗಿದರೂ ಜಗ್ಗುವವಳಲ್ಲ.

ಹುಳ ಸರಿಯಾಗಿ ಹೊಕ್ಕಿದ್ದು ಎಂಟನೇ ಕ್ಲಾಸಿನ ಸ್ರವಂತಿಗೆ. ಉತ್ತರ ಸಿಕ್ಕ ಮೇಲೂ “ಯಾಕ್ರೀ ಟೀಚರ್?” ಎಂದು ಬೆನ್ನು ಹತ್ತುವವಳು ಅವಳೊಬ್ಬಳೇ. ದಸರಾ ಮುಗಿದದ್ದೇ ಅವಳಪ್ಪ ಆಶಪ್ಪ ಹೆಂಡತಿ, ಮಗಳನ್ನು ಕರೆದುಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಹಾಗೆ ಹೋದ ಹೆಣ್ಣುಮಕ್ಕಳು ಮರಳಿ ಶಾಲೆಗೆ ಬಂದದ್ದು ಕಡಿಮೆ.

ಪದ್ಮಶ್ರೀ ಆಶಪ್ಪನ ಫೋನಿಗೆ ಲೆಕ್ಕ ಕಳಿಸತೊಡಗಿದಳು. ಜೊತೆಗೇ ಉತ್ತರವನ್ನೂ ಕಳಿಸುತ್ತಿದ್ದಳು; ಅಪ್ಪನ ಫೋನು ಕೈಗೆ ಸಿಗುತ್ತಿದ್ದ ಎರಡು ನಿಮಿಷದಲ್ಲಿ ಸ್ರವಂತಿಯ “ತಿಳೀತು ಟೀಚರ್” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಕೊನೆಗೊಂದು ದಿನ ಚೌಕ ಬರೆದು, ಮೂಲೆಯಿಂದ ಎದುರು ಮೂಲೆಗೆ ಎರಡು ಓರೆಗೆರೆ ಎಳೆದು ಕಳಿಸಿದಳು. “ಕೈ ಎತ್ತದೆ, ಎಳೆದ ಗೆರೆಯನ್ನೇ ಮತ್ತೆ ಎಳೆಯದೆ ಇದನ್ನು ಬರಿ. ಉತ್ತರ ಬೇಕಾದರೆ ಶಾಲೆಗೆ ಬಾ.”

ಆಮೇಲೆ ಸುದ್ದಿಯೇ ಇಲ್ಲ. ಮಗುವಿಗೆ ಗಾಳ ಹಾಕಿದೆನಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಒಂದು ಬೆಳಿಗ್ಗೆ ಅಪ್ಪ ಮಗಳು ಚೀಲದ ಸಮೇತ ಶಾಲೆಯ ಬಾಗಿಲಲ್ಲಿ ನಿಂತಿದ್ದರು.

“ಎಂಥಾ ಲೆಕ್ಕ ಕಳಿಸಿದ್ರಿ ಟೀಚರಮ್ಮ!” ಎಂದ ಆಶಪ್ಪ. “ಹೊಸಾ ಗೋಡಿ ತುಂಬಾ ಇದೇ ಗೀಚ್ಯಾರ್ರಿ ನಮ್ಮ ಜೋಡಿ ಕೆಲಸದವರು. ಮೇಸ್ತ್ರಿ ಬೈದ. ಆಮ್ಯಾಲ ತಾನೂ ಇದ್ದಲಿ ಹಿಡಕೊಂಡು ಕುಂತ. ಹುಡುಗೀನ ಕಳಸು, ಉತ್ತರ ತರಲಿ ಅಂದ್ರು ಎಲ್ಲಾರೂ. ಇಲ್ಲೇ ನಮ್ಮವ್ವನ ಹತ್ರ ಇರ್ತಾಳ್ರಿ.”

ಸ್ರವಂತಿ ತಲೆಯಾಡಿಸಿದಳು. “ಉತ್ತರ ಬ್ಯಾಡ್ರಿ. ಅದು ಬರಿಯಾಕ ಆಗಂಗಿಲ್ಲ, ಗೊತ್ತಾಗೈತಿ. ಯಾಕ ಆಗಂಗಿಲ್ಲ, ಅದನ್ನ ಕೇಳಾಕ ಬಂದೀನಿ.”

ಪದ್ಮಶ್ರೀಗೆ ಇಷ್ಟು ವರ್ಷದ ಪಾಠಕ್ಕೆ ಇಷ್ಟು ದೊಡ್ಡ ಸಂಬಳ ಯಾರೂ ಕೊಟ್ಟಿರಲಿಲ್ಲ. ಸೀಮೆಸುಣ್ಣ ಸ್ರವಂತಿಯ ಕೈಗಿಟ್ಟು, “ಚೌಕದ ಮ್ಯಾಲೊಂದು ತ್ರಿಕೋನದ ಚಾವಣಿ ಹಾಕು, ಮನಿ ಆಗತೈತಿ. ಕೆಳಗಿನ ಮೂಲಿಯಿಂದ ಸುರು ಮಾಡು” ಎಂದಳು.

ಹುಡುಗಿ ಎರಡು ಸಲ ತಪ್ಪಿದಳು. ಮೂರನೆಯ ಸಲ ಗೆರೆ ಎಲ್ಲೂ ನಿಲ್ಲದೆ ಇಡೀ ಮನೆ ಸುತ್ತಿ ಇನ್ನೊಂದು ಮೂಲೆಗೆ ಬಂದು ಮುಗಿಯಿತು.

“ಅರೆ! ಗೆರಿ ಹೆಚ್ಚಾದ್ರೂ ಆತಲ್ಲ!” ಆಶಪ್ಪ ಬೋರ್ಡಿನ ಹತ್ತಿರ ಬಂದ. “ಯಾಕ್ರೀ?”

“ಒಂದೊಂದು ಮೂಲಿಗೆ ಎಷ್ಟು ಗೆರಿ ಕೂಡ್ಯಾವ, ಸಮ ಅದಾವೋ ಬೆಸ ಅದಾವೋ, ಇಕಿ ಎಣಿಸಿಕೊಂಡು ಬರಲಿ. ಉಳಿದದ್ದು ನಾಳೆ ಕ್ಲಾಸಿನ್ಯಾಗ” ಎಂದು ಪದ್ಮಶ್ರೀ ನಕ್ಕಳು.

ಆಶಪ್ಪ ಕೈಮುಗಿದು ಬಸ್ಸಿಗೆ ಹೊರಟವನು ಗೇಟಿನ ಹತ್ತಿರ ತಿರುಗಿ ನಿಂತು ಮಗಳನ್ನು ಕೂಗಿದ.

“ನಾಳೆ ಮರೀದೆ ಫೋನ್ ಮಾಡವ್ವಾ. ಅಲ್ಲಿ ಎಲ್ಲಾರೂ ಕಾಯ್ತಿರ್ತಾರ.”